ಹಲ್ಲಿನ ಪುಡಿ ಕೊಂಡವರಿಗೆ ಕಾದಂಬರಿ ಉಚಿತ

ನನ್ನ ಗಂಡ ಬರೆದ ಒಂದೇ ಒಂದು ಕಾದಂಬರಿ ಜನರ ಮನೆ ಸೇರಿದ್ದು ಹಲ್ಲಿನ ಪುಡಿಯ ಬೆನ್ನು ಹತ್ತಿ. ಪುಡಿಯ ಡಬ್ಬಿ ಕೊಂಡವರಿಗೆ ಪುಸ್ತಕ ಪುಕ್ಕಟೆ. ಮೊದಲು ಅದು ಹಾಗಿರಲಿಲ್ಲ, ಪುಸ್ತಕ ಕೊಂಡವರಿಗೆ ಪುಡಿ ಪುಕ್ಕಟೆ ಎಂದಿತ್ತು. ಎಲ್ಲಿ ಉಲ್ಟಾ ಆಯಿತು ಎಂದು ಈಗ ಕೂತು ಯೋಚಿಸಿದರೆ ಎಲ್ಲ ಬೆರಳೂ ನನ್ನ ಕಡೆಗೇ ತಿರುಗುತ್ತವೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಬೇರೆ ಯಾರಾದರೂ ಬರೆದರೆ ತಪ್ಪನ್ನೆಲ್ಲ ನನ್ನ ಗಂಡನ ತಲೆಗೆ ಕಟ್ಟಿಯಾರು.

ಎರಡನೆಯ ಮಹಾಯುದ್ಧಕ್ಕೆ ಐದಾರು ವರ್ಷ ಮುಂಚಿನ ಮಾತು. ಪುಣೆಯ ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಮೇಲಂತಸ್ತಿನ ಎರಡು ಖೋಲಿಗಳಲ್ಲಿ ನಮ್ಮ ಸಂಸಾರ. ನಾನು ಧಾರವಾಡದ ಕಡೆಯವಳು, ಕನ್ನಡ ಏಳನೆಯ ಇಯತ್ತೆ ಪಾಸಾದವಳು. ಇವರು ಪುಣೆಯಲ್ಲೇ ಹುಟ್ಟಿದವರು. ಅಜ್ಜನ ಕಾಲಕ್ಕೆ ಬೆಳಗಾವಿಯ ಕಡೆಯಿಂದ ಬಂದು ನೆಲೆ ನಿಂತ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಊಟ, ಬಟ್ಟೆ, ಸಿಟ್ಟು, ನೆಂಟರು ಇಂಥವಕ್ಕೆಲ್ಲ ಇವರ ಹತ್ತಿರ ಕನ್ನಡದ ಶಬ್ದವಿತ್ತು. ಸಾಲೆಯಲ್ಲಿ ಕಲಿತ ದೊಡ್ಡ ದೊಡ್ಡ ಶಬ್ದಗಳೆಲ್ಲ ಮರಾಠಿಯವು. ಅವಕ್ಕೆ ಕನ್ನಡದ ಅಕ್ಷರ ತೊಡಿಸಿಬಿಟ್ಟರೆ ಕನ್ನಡ ಆಗುತ್ತದೆ ಎಂದು ಇವರು ಪ್ರಾಮಾಣಿಕವಾಗಿ ನಂಬಿದ್ದರು. ಹತ್ತರಲ್ಲಿ ಒಂಬತ್ತು ಸಲ ಆಗುತ್ತಲೂ ಇತ್ತು. ಘಾತವಾದದ್ದು ಅದರಿಂದಲೇ.

ಇವರ ನೌಕರಿ ಹವೆಯ ವರದಿ ಇಡುವ ಸರಕಾರಿ ಕಚೇರಿಯಲ್ಲಿ. ಎಲ್ಲೆಲ್ಲಿಂದಲೋ ತಂತಿಯಲ್ಲಿ ಬಂದ ಮಳೆ, ಗಾಳಿ, ಮೋಡಗಳನ್ನು ದೊಡ್ಡ ಕಾಗದದ ಮೇಲೆ ನಕಲು ಮಾಡುವುದು ಕೆಲಸ. ವಾಡೆಯವರು ಮುಗಿಲಿನ ಕಾರಕೂನ ಎಂದು ನಗೆಯಾಡುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ಸ್ನಾನದ ನೀರು ಕಾಯುವ ತನಕ, ತಾಮ್ರದ ಬಂಬಿನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ಎರಡು ವರ್ಷ ಏನೋ ಬರೆದರು. ಏನು ಎಂದು ಕೇಳಿದರೆ, ಮುಗಿದ ಮೇಲೆ ನೀನೇ ಓದು ಎಂದರು. ನಾನೂ ಹೆಚ್ಚು ಕೆದಕಲಿಲ್ಲ. ಬಂಬಿನ ಪಕ್ಕದಲ್ಲಿ ಕೂತಿದ್ದಾರೆ, ಕಟ್ಟಿಗೆಯನ್ನಾದರೂ ಮುಂದೆ ದೂಡುತ್ತಾರೆ, ಅಷ್ಟು ಸಾಕಾಗಿತ್ತು ನನಗೆ.

ಪುಣೆಯಲ್ಲಿ ಒಂದು ಛಾಪಖಾನೆಯವರ ಬಳಿ ಕನ್ನಡದ ಮೊಳೆಗಳ ಒಂದು ಹಳೆಯ ಪೆಟ್ಟಿಗೆ ಇತ್ತು. ಮೊಳೆ ಜೋಡಿಸುವವರಿಗೆ ಕನ್ನಡದ ಗಂಧಗಾಳಿ ಇರಲಿಲ್ಲ. ಆಕಾರ ನೋಡಿ ಜೋಡಿಸುತ್ತಿದ್ದರು. ಹಾಗಾಗಿ ಬರೆದವರನ್ನು ಬಿಟ್ಟರೆ ಆ ಪುಸ್ತಕವನ್ನು ಅಚ್ಚಾಗುವ ಮುಂಚೆ ಓದಿದವರು ಯಾರೂ ಇಲ್ಲ. ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ಇವರು ತಂದು ಒಲೆಯ ಕಟ್ಟೆಯ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ, ನಾಚಿಕೆ. ಚಿತ್ರವಿಲ್ಲದ ನೀಲಿ ರಟ್ಟು, ಮೇಲೆ ಹೆಸರು: ಅವಕಾಶದಲ್ಲಿ ಆರು ತಿಂಗಳು.

ನನ್ನ ತಮ್ಮ ಇಂಥ ಪುಸ್ತಕಗಳನ್ನು ಓದುತ್ತಿದ್ದ. ಬೇಗ ಏಳಬೇಕು, ಬೂಟಿಗೆ ಪಾಲಿಶ್ ಹಚ್ಚಬೇಕು, ಸಾಹೇಬರ ಮುಂದೆ ಕೈ ಹೇಗೆ ಇಟ್ಟುಕೊಳ್ಳಬೇಕು, ಅವಕಾಶ ಬಂದಾಗ ಬಿಡಬಾರದು. ಇವರೂ ಹುಡುಗರಿಗೆ ಅಂಥದೇ ಉಪದೇಶ ಬರೆದಿದ್ದಾರೆ ಎಂದುಕೊಂಡೆ. ಉಪದೇಶವೆಂದರೆ ನನಗೆ ಹುಟ್ಟಾ ಆಗುವುದಿಲ್ಲ. ನಾಲ್ಕು ದಿನ ಊಟಕ್ಕೆ ಕೂತಾಗ ಓದಿದೆಯಾ ಎಂದು ಕೇಳಿದರು. ನಾಲ್ಕನೆಯ ದಿನ ಅವರ ಮುಖ ನೋಡಲಾರದೆ ಹೇಳಿದೆ.

“ಓದಿದೆ. ಭಾಳ ಚಂದ ಅದ. ಹುಡುಗರಿಗೆ ಉಪಯೋಗ ಆಗ್ತದ.”

ಇವರು “ಆಗಬಹುದು,” ಎಂದು ಮಜ್ಜಿಗೆ ಕೇಳಿದರು.

ನಮ್ಮ ಜೋಳದ ಹಿಟ್ಟಿನ ಡಬ್ಬಿಗೆ ಒಂದು ಮೂಲೆ ಕುಂಟು, ಮುಟ್ಟಿದರೆ ಅಲಗಾಡುತ್ತಿತ್ತು. ಪುಸ್ತಕ ಅದರ ಅಡಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಲ್ಲಿಯೇ ಇಟ್ಟೆ. ಇವರು ದಿನಕ್ಕೆ ಎರಡು ಸಲ ಆ ಡಬ್ಬಿಯ ಎದುರಿಗೇ ಊಟಕ್ಕೆ ಕೂಡುತ್ತಿದ್ದರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಪುಸ್ತಕ ಹೋಗಲಿಲ್ಲ. ಧಾರವಾಡದ ಅಂಗಡಿಯವರು ಅದನ್ನು ಅರ್ಜಿ ಬರೆಯುವ ಕೈಪಿಡಿಗಳ ಸಾಲಿನಲ್ಲಿ ಇಟ್ಟಿದ್ದಾರೆಂದು ತಮ್ಮ ಬರೆದಿದ್ದ. ಇಡಬೇಕಾದದ್ದೇ ಅಲ್ಲಿ ಎಂದು ನಾನು ಆ ಸಾಲನ್ನು ಇವರಿಗೆ ಓದಿ ಹೇಳಲೂ ಇಲ್ಲ. ಆರು ತಿಂಗಳ ಮೇಲೆ ಇವರಿಗೆ ಒಂದು ಯೋಚನೆ ಬಂತು. ಆ ಕಾಲಕ್ಕೆ ಸಾಬೂನು ಕೊಂಡವರಿಗೆ ಕ್ಯಾಲೆಂಡರು, ಚಹದ ಪುಡಿ ಕೊಂಡವರಿಗೆ ಕಪ್ಪು-ಬಶಿ ಕೊಡುತ್ತಿದ್ದರು. ಪುಸ್ತಕ ಕೊಂಡವರಿಗೆ ಚಂದ್ರಲೋಕದ ಧೂಳಿನ ಮಾದರಿಯ ಒಂದು ಪೊಟ್ಟಣ ಕೊಡೋಣ ಎಂದರು.

ಇಲ್ಲಿಯಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕಡ್ಡಿಪೆಟ್ಟಿಗೆಯ ಮೇಲೆ ಹುಲಿ ಇರುತ್ತದೆ, ಒಳಗೆ ಹುಲಿ ಇರುತ್ತದೆಯೇ? ಚಂದ್ರನೂ ಹಾಗೆಯೇ ಒಂದು ಛಾಪ ಎಂದುಕೊಂಡೆ. ಧೂಳು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಂಬಿನ ಬೂದಿಯನ್ನು ಹಳೆಯ ಧೋತರದ ತುಂಡಿನಲ್ಲಿ ಮೂರು ಸಲ ಗಾಳಿಸಿದೆ. ಹೊಗೆಯ ವಾಸನೆ ಬಂತು. ನಾಲ್ಕು ಜನರ ಮನೆಗೆ ಹೋಗುವ ವಸ್ತು, ಹೀಗೆ ನಾರಬಾರದೆಂದು ಲವಂಗ, ಕರ್ಪೂರ, ಒಂದಿಷ್ಟು ಉಪ್ಪು ಕುಟ್ಟಿ ಹಾಕಿದೆ. ನನ್ನ ತವರಿನಲ್ಲಿ ಗಾಳಿಸಿದ ಬೂದಿ ಎಂದರೆ ಹಲ್ಲುಜ್ಜುವ ಪುಡಿ, ಕೈ ತಾನೇ ಲವಂಗ, ಉಪ್ಪಿನ ಡಬ್ಬಿಗಳ ಕಡೆ ಹೋಗುತ್ತದೆ. ಇವರು ಮೂಸಿ ನೋಡಿ, ಚಂದ್ರನ ಮೇಲೆ ಲವಂಗ ಇರಲಾರದು ಎಂದರು. ನೋಡಿ ಬಂದವರು ಯಾರು ಎಂದು ನಾನು ಕೇಳಿದೆ. ಅವರು ಪೊಟ್ಟಣ ಕಟ್ಟಲು ಕೂತರು.

ತಿಂಗಳೊಪ್ಪತ್ತಿನಲ್ಲಿ ಕಾಗದಗಳು ಬರತೊಡಗಿದವು. ಹುಬ್ಬಳ್ಳಿಯಿಂದ ಒಬ್ಬರು, ತಮ್ಮ ದವಡೆ ಹಲ್ಲಿನ ನೋವು ಒಂದೇ ವಾರದಲ್ಲಿ ನಿಂತಿತು, ಇನ್ನೂ ಎರಡು ಪೊಟ್ಟಣ ಕಳಿಸಿರಿ ಎಂದು ಬರೆದಿದ್ದರು. ಬಾಗಲಕೋಟೆಯ ಒಬ್ಬ ಅಜ್ಜಿ ಮೊಮ್ಮಗಳ ಕೈಯಿಂದ ಬರೆಸಿದ್ದಳು: ಪುಡಿ ಬೇಕು, ಜೊತೆಗಿನ ಪುಸ್ತಕ ಬೇಡ, ಮನೆಯಲ್ಲಿ ಒಂದು ಇದೆ. ಇವರು ಒಂದೊಂದೇ ಕಾಗದ ಓದಿ ಮಡಿಸಿ ಇಡುತ್ತಿದ್ದರು. ಕತೆಯ ಬಗ್ಗೆ ಯಾರಾದರೂ ಒಂದು ಸಾಲು ಬರೆದಿದ್ದಾರೋ ಎಂದು ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡುತ್ತಿದ್ದರು. ಇರುತ್ತಿರಲಿಲ್ಲ. ಆಗ ಒಮ್ಮೆ, ನನಗೆ ಹೇಳಿದರೋ ಬಂಬಿಗೆ ಹೇಳಿದರೋ, “ಸಾವಿರ ಮಂದಿ ಬ್ಯಾಡ. ಖರೇನ ಓದಿದವರು ಒಬ್ಬರು ಸಿಕ್ರ ಸಾಕಾಗಿತ್ತು,” ಎಂದರು. ನಾನು ಜೋಳದ ಭಕ್ಕರಿ ಬಡಿಯುತ್ತಿದ್ದೆ, ಬಡಿಯುತ್ತಲೇ ಇದ್ದೆ.

ಆ ಒಬ್ಬರನ್ನು ಹುಡುಕಲಿಕ್ಕೆಂದೇ ಇವರು ಸ್ಪರ್ಧೆ ಇಟ್ಟರು. ಹಳೆಯ ಸಾಮಾನು ಮಾರುವ ಜುನಾ ಬಜಾರಿನಿಂದ ಒಂದು ಹಿತ್ತಾಳೆಯ ದುರ್ಬೀನು ತಂದರು, ಬಹುಮಾನಕ್ಕೆ. ಅದರ ಗಾಜು ಒಡೆದಿತ್ತು, ಪರ್ವತಿ ಗುಡ್ಡದ ಗುಡಿ ಅದರಲ್ಲಿ ಎರಡಾಗಿ ಕಾಣುತ್ತಿತ್ತು. ಧಾರವಾಡದ ಒಂದು ವಾರಪತ್ರಿಕೆಗೆ ಜಾಹೀರಾತು ಕಳಿಸಿದರು. ಅವರು ಜಾಗ ಸಾಲದೆಂದು ಕೆಳಗಿನ ಎರಡು ಸಾಲು ಹಾರಿಸಿ ಹಾಕಿದರು. ಕಾದಂಬರಿ ಎಂಬ ಶಬ್ದವೂ ದುರ್ಬೀನೂ ಇದ್ದದ್ದು ಆ ಎರಡು ಸಾಲಿನಲ್ಲೇ. ಉಳಿದದ್ದು ಇಷ್ಟು: ಅವಕಾಶಕ್ಕೆ ಹೋಗಬಯಸುವವರು ತಾವು ಏಕೆ ಯೋಗ್ಯರೆಂಬುದನ್ನು ಸ್ವಹಸ್ತದಿಂದ ಒಂದು ಪುಟದಲ್ಲಿ ಬರೆದು ಕಳಿಸಬೇಕು. ವಯಸ್ಸಿನ ನಿರ್ಬಂಧವಿಲ್ಲ. ಉತ್ತಮರಾದ ಒಬ್ಬರನ್ನು ಆರಿಸಲಾಗುವುದು. ಅದರ ಕೆಳಗೆ ನಮ್ಮ ವಾಡೆಯ ವಿಳಾಸ.

ಮ್ಯಾಟ್ರಿಕ್ ಪಾಸಾದವರು ಊರೂರಿನ ಕಟ್ಟೆಯ ಮೇಲೆ ಕೂತು ದಿನ ನೂಕುತ್ತಿದ್ದ ವರ್ಷಗಳು ಅವು. ಟಪಾಲಿನವ ಮೊದಲ ವಾರ ಕಾಗದಗಳನ್ನು ಕೈಯಲ್ಲಿ ತಂದ, ಎರಡನೆಯ ವಾರ ಚೀಲದಲ್ಲಿ ತಂದ. ಇಂಗ್ಲಿಷ್ ಬರುತ್ತದೆ, ಮರಾಠಿಯ ಮೋಡಿ ಅಕ್ಷರ ಓದಬಲ್ಲೆ, ಸೈಕಲ್ ಹೊಡೆಯಲು ಬರುತ್ತದೆ, ಯಾವ ಊರಿಗೆ ಹಾಕಿದರೂ ಹೋಗುವೆ. ಒಬ್ಬ ವೈದ್ಯರ ಸರ್ಟಿಫಿಕೇಟು ಲಗತ್ತಿಸಿದ್ದ. ಇನ್ನೊಬ್ಬ ತನ್ನ ಜಾತಕವನ್ನೇ ಕಳಿಸಿದ್ದ.

ನನ್ನ ಗಂಡನ ಒಳ್ಳೆಯತನಕ್ಕೆ ಏನೆನ್ನಲಿ. ಸೈಕಲ್ ಬರುತ್ತದೆ ಎಂದವನನ್ನು, ಯಂತ್ರದ ತಿಳಿವಳಿಕೆ ಇದ್ದವ ಎಂದು ಬೇರೆ ಇಟ್ಟರು. ಯಾವ ಊರಿಗೆ ಹಾಕಿದರೂ ಎಂದವನ ಧೈರ್ಯವನ್ನು ಮೆಚ್ಚಿದರು. ವೈದ್ಯರ ಸರ್ಟಿಫಿಕೇಟು ನೋಡಿ, ಎಷ್ಟು ಮನಸ್ಸಿಟ್ಟು ಪ್ರಯಾಣದ ವಿಚಾರ ಮಾಡಿದ್ದಾನೆ ನೋಡು ಎಂದು ನನಗೆ ತೋರಿಸಿದರು. ನನಗೂ ಏನೂ ವಿಚಿತ್ರವೆನಿಸಲಿಲ್ಲ. ನೌಕರಿಯ ಪುಸ್ತಕ ಬರೆದವರಿಗೆ ನೌಕರಿಯ ಅರ್ಜಿ ಬರದೆ ಮತ್ತೇನು ಬರಬೇಕು? ಹೀಗೆ ಒಂದೇ ಕಾಗದವನ್ನು ನಾವಿಬ್ಬರೂ ಓದಿ, ಬೇರೆ ಬೇರೆ ಅರ್ಥ ಮಾಡಿಕೊಂಡು, ಇಬ್ಬರೂ ತಲೆದೂಗುತ್ತಿದ್ದೆವು.

ಒಂದು ರವಿವಾರ ಬೆಳಿಗ್ಗೆ, ಟ್ರಂಕು, ಸುರುಳಿ ಸುತ್ತಿದ ಹಾಸಿಗೆ, ಒಂದು ಕೊಡೆ ಇಷ್ಟರೊಡನೆ ಗದಗಿನ ಕಡೆಯ ಒಬ್ಬ ಮನುಷ್ಯ ನಮ್ಮ ಬಾಗಿಲಲ್ಲಿ ನಿಂತ. ಇಪ್ಪತ್ತೈದರ ಆಸುಪಾಸು, ಇಸ್ತ್ರಿಯ ಕೋಟು, ಕಾಲಲ್ಲಿ ಪುಣೆಯ ಕೆಸರು. ಕಾಗದ ಬರೆದರೆ ತಡವಾದೀತೆಂದು ತಾನೇ ಬಂದೆ ಎಂದ. ಇವರಿಗೆ ಆದ ಖುಷಿ ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ಸ್ಪರ್ಧೆಗಾಗಿ ರೈಲು ಹತ್ತಿ ಬಂದ ವಾಚಕ! ಅವನನ್ನು ಚಾಪೆಯ ಮೇಲೆ ಕೂಡಿಸಿ, ಚಹ ಇಡಲು ನನಗೆ ಹೇಳಿ, ಪರೀಕ್ಷೆಗೆ ಶುರು ಮಾಡಿದರು. ನಾನು ಒಳಗಿನಿಂದ ಎಲ್ಲ ಕೇಳುತ್ತಿದ್ದೆ.

“ಅಲ್ಲೆ ಗಾಳಿ ಅಂಬೋದು ಇರೂದಿಲ್ಲ. ನಿಮಗ ನಡೀತದೇನು?”

“ನಾ ಇದ್ದ ಖೋಲಿಗೂ ಕಿಡಕಿ ಇರಲಿಲ್ರಿ ಸಾಹೇಬ್ರ.”

“ಹಗಲಿನ್ಯಾಗೂ ಕತ್ತಲಿ.”

“ಕಂದೀಲು ಕಚೇರಿದು ಇರ್ತದೋ, ನಾವ ತರಬೇಕೋ?”

ಇವರು ಸ್ವಲ್ಪ ಯೋಚಿಸಿ, ನಾವೇ ಒಯ್ಯಬೇಕು ಎಂದರು. ಆಮೇಲೆ ದನಿ ತಗ್ಗಿಸಿ ಮುಖ್ಯ ಮಾತಿಗೆ ಬಂದರು.

“ಮನಷ್ಯಾಗ ಅಲ್ಲೆ ತೂಕಾನ ಇರೂದಿಲ್ಲ.”

“ಹೊಸದಾಗಿ ಸೇರಿದವಗ ಎಲ್ಲೆ ಇರ್ತದ್ರಿ ತೂಕ? ಮುಂದ ಹಗೂರಕ ಬರ್ತದ.”

“ಚಂದ್ರನ ದಾಟಿ ಹೋದ ಮ್ಯಾಲೆ ಹೊಳ್ಳಿ ಬರ್ತೀವಂತ ಖಾತ್ರಿ ಹೇಳಲಿಕ್ಕಾಗೂದಿಲ್ಲ.”

ಗದಗಿನವ ಎದ್ದು ನಿಂತ. ಅವನ ಕಣ್ಣು ತುಂಬಿದ್ದವು. “ಅಂದ್ರ ಕಾಯಂ ಅನ್ರಿ,” ಎಂದ.

ಚಹದ ಪಾತ್ರೆ ನನ್ನ ಕೈಯಲ್ಲೇ ಉಳಿಯಿತು. ಚಂದ್ರನ ದಾಟಿ? ಗಾಳಿ ಇಲ್ಲದ ಜಾಗ? ಆಗ ತಲೆಯಲ್ಲಿ ದೀಪ ಹೊತ್ತಿತು. ಮರಾಠಿಯಲ್ಲಿ ಅವಕಾಶವೆಂದರೆ ನೌಕರಿ ಸಿಗುವ ಯೋಗವಲ್ಲ, ಮೇಲಿನ ಆ ಖಾಲಿ ಬಯಲು. ಕೆಳಗಿನ ಮನೆಯವರ ಬಾಯಲ್ಲಿ ಆ ಶಬ್ದವನ್ನು ನಾನೇ ಎಷ್ಟು ಸಲ ಕೇಳಿಲ್ಲ, ಖಾಲಿ ಎಂಬರ್ಥದಲ್ಲಿ. ನನ್ನ ಗಂಡ ಮುಗಿಲಾಚೆ ಆರು ತಿಂಗಳು ತಿರುಗಿ ಬಂದ ಕತೆ ಬರೆದಿದ್ದರು, ನಾನು ಅದನ್ನು ಬೂಟು ಪಾಲಿಶಿನ ಉಪದೇಶವೆಂದು ತಿಳಿದು, ಹುಡುಗರಿಗೆ ಉಪಯೋಗ ಆಗುತ್ತದೆ ಎಂದಿದ್ದೆ. ಮೊದಲು ನಗು ಬಂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಮೇಲೆ ಹಿಟ್ಟಿನ ಡಬ್ಬಿ ಕಣ್ಣಿಗೆ ಬಿತ್ತು. ನಗು ನಿಂತಿತು.

ಮರುದಿನ ಇವರು ಕಚೇರಿಗೆ ಹೋದ ಮೇಲೆ ಡಬ್ಬಿಯ ಅಡಿಯಿಂದ ಪುಸ್ತಕ ಎಳೆದೆ. ಒಂದು ವರ್ಷದ ಹಿಟ್ಟು ರಟ್ಟಿನ ಮೇಲೆ ಮೆತ್ತಿಕೊಂಡಿತ್ತು. ಕತೆಯ ನಾಯಕ ಸದಾಶಿವ ಪೇಠೆಯ ಒಬ್ಬ ಕಾರಕೂನ. ಸ್ನಾನದ ಬಂಬನ್ನೇ ಯಂತ್ರ ಮಾಡಿ, ಪರ್ವತಿ ಗುಡ್ಡದಿಂದ ಹಾರುತ್ತಾನೆ. ಹೆಂಡತಿ ಬುತ್ತಿ ಕಟ್ಟಿಕೊಟ್ಟು, ಕೊಡೆ ಒಯ್ದೀರೋ ಇಲ್ಲವೋ ಎಂದು ಕೇಳುತ್ತಾಳೆ. ಅದು ನನ್ನ ಮಾತು, ಇವರು ಹೊರಟಾಗ ದಿನವೂ ಕೇಳುವುದು. ಓದುತ್ತ ಓದುತ್ತ ಅರ್ಧ ದಾಟಿದ ಮೇಲೆ ಈ ಸಾಲು ಬಂತು: ಅವಕಾಶದಲ್ಲಿ ಪ್ರತಿಯೊಂದು ವಸ್ತುವೂ ತೇಲಿತು, ನನ್ನ ಹೆಂಡತಿ ಬಡಿದ ಭಕ್ಕರಿ ಮಾತ್ರ ತಳ ಬಿಟ್ಟು ಏಳಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಪುಣೆಯ ಜೋಳಕ್ಕೆ ಜಿಗುಟು ಇಲ್ಲ, ಅದನ್ನು ತೆಳ್ಳಗೆ ಬಡಿದರೆ ಹರಿಯುತ್ತದೆ, ಇದು ತಿನ್ನುವವರಿಗೆ ಏನು ಗೊತ್ತು? ಇನ್ನೂ ಏನೇನು ಬರೆದಿದ್ದಾರೆ ನೋಡಿಯೇ ಬಿಡೋಣ, ಒಟ್ಟಿಗೇ ಕೇಳೋಣ ಎಂದು ಮುಂದೆ ಓದಿದೆ. ಬಂಬಿನ ಕೀಲಿ ಮುರಿಯುತ್ತದೆ. ತೂಕವೇ ಇಲ್ಲದ್ದರಿಂದ ಅವನಿಗೆ ಕೆಳಗಿಳಿಯಲು ಬರುವುದಿಲ್ಲ. ಹಸಿವೆಯಾಗುತ್ತದೆ, ಆದರೂ ಕೊನೆಯ ಭಕ್ಕರಿಯನ್ನು ತಿನ್ನದೆ ಎದೆಗೆ ಕಟ್ಟಿಕೊಳ್ಳುತ್ತಾನೆ. ಅಷ್ಟು ದೊಡ್ಡ ಬಯಲಿನಲ್ಲಿ ತೂಕವಿದ್ದ ವಸ್ತು ಅದೊಂದೇ. ಅದೇ ಅವನನ್ನು ಹಗುರವಾಗಿ ಕೆಳಗೆ ಎಳೆದು, ಊರಾಚೆಯ ಕೋಥರೂಡದ ಹೊಲದಲ್ಲಿ ತಂದು ಇಳಿಸುತ್ತದೆ. ಅಲ್ಲಿಂದ ಅವನು ಮನೆಗೆ ನಡೆದುಕೊಂಡು ಬರುತ್ತಾನೆ. ಹೆಂಡತಿ, ಕೊಡೆ ಎಲ್ಲಿ ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ನಾನು ಒಲೆಯ ಮುಂದೆ ಕೂತು ಅತ್ತೆ. ನಾಚಿಕೆಯಾಗಿ ಅತ್ತೆ. ಎರಡು ವರ್ಷ ಬರೆದು ಒಬ್ಬ ಮನುಷ್ಯ ನನ್ನ ಮುಂದೆ ತಂದಿಟ್ಟಿದ್ದನ್ನು ಕುಂಟು ಡಬ್ಬಿಗೆ ಒತ್ತು ಕೊಟ್ಟಿದ್ದೆ.

ಮಧ್ಯಾಹ್ನ, ನಮ್ಮಲ್ಲೇ ಉಳಿದುಕೊಂಡಿದ್ದ ಗದಗಿನವನಿಗೆ ಊಟಕ್ಕೆ ಬಡಿಸುವಾಗ ನಿಜ ಹೇಳಿದೆ. ಅವನು ಕೈಯ ತುತ್ತನ್ನು ಹಾಗೆಯೇ ಹಿಡಿದು ಕೇಳಿದ.

“ವೈನಿ, ಹಂಗಾರ ಆ ಮ್ಯಾಲಿನ ಜಾಗಾ ಖಾಲಿ ಅದ ಅಂಬೋದರೆ ಖರೇ ಹೌದೋ ಅಲ್ಲೋ?”

“ಖಾಲಿ ಅದನಪಾ.”

“ಖಾಲಿ ಇದ್ದ ಮ್ಯಾಲೆ ಒಂದಿಲ್ಲಾ ಒಂದು ದಿನ ತುಂಬಸಲಿಕ್ಕೇ ಬೇಕಲ್ರಿ,” ಎಂದು ತುತ್ತು ಬಾಯಿಗಿಟ್ಟ.

ಆದರೆ ಅವನು ದಡ್ಡನಲ್ಲ. ಮೂಲೆಯಲ್ಲಿದ್ದ ಪುಡಿಯ ಕಾಗದಗಳನ್ನು ಆ ಮಧ್ಯಾಹ್ನವೇ ಓದಿ, ಬೂದಿಗೆ ಏನೇನು ಬೆರೆಸಿದ್ದೆನೆಂದು ನನ್ನನ್ನು ಕೇಳಿ ಬರೆದುಕೊಂಡ. ಮುಂದೆ ಅವನು ಊರೂರಿಗೆ ಮಾರಿದ್ದು ಆ ಪುಡಿಯನ್ನೇ. ಪುಸ್ತಕದ ಗಂಟುಗಳನ್ನು ಕೇಳಿ ಒಯ್ದು ಡಬ್ಬಿಗೊಂದರಂತೆ ಪುಕ್ಕಟೆ ಕೊಟ್ಟವನೂ ಅವನೇ.

ಅವನು ಹೊರಗಿನ ಖೋಲಿಯಲ್ಲಿ ಬರೆದುಕೊಳ್ಳುತ್ತಿದ್ದಾಗ ನಾನು ಒಳಗೆ ನನ್ನ ಒಂದು ಪುಟ ಬರೆದೆ. ಹೆಸರು ಹಾಕಲಿಲ್ಲ. ಅವಕಾಶಕ್ಕೆ ಹೋಗಲು ನಾನೇ ಯೋಗ್ಯಳು. ಭಕ್ಕರಿ ಬಡಿಯುವವಳು ಜೊತೆಗಿದ್ದರೆ ಆ ಮನುಷ್ಯ ಉಪವಾಸ ಬೀಳುತ್ತಿರಲಿಲ್ಲ. ಆರು ತಿಂಗಳಲ್ಲಿ ಅವನು ಒಮ್ಮೆಯೂ ಧೋತರ ಒಗೆದ ಸುದ್ದಿ ಇಲ್ಲ, ಅದನ್ನೂ ನಾನು ನೋಡಿಕೊಳ್ಳುತ್ತಿದ್ದೆ. ಭಕ್ಕರಿ ದಪ್ಪವಾದದ್ದು ಪುಣೆಯ ಜೋಳದ ತಪ್ಪು, ಕೈಯ ತಪ್ಪಲ್ಲ. ಕೆಳಗೆ ಇನ್ನೆರಡು ಸಾಲು ಸೇರಿಸಿದೆ: ಕನ್ನಡದಲ್ಲಿ ಅವಕಾಶವೆಂದರೆ ನೌಕರಿ ಸಿಗುವ ಯೋಗ, ಮೇಲಿನದಕ್ಕೆ ಅಂತರಿಕ್ಷ ಎನ್ನುತ್ತಾರೆ, ಅರ್ಜಿ ಹಾಕಿದವರನ್ನು ಬೈಯಬೇಡಿರಿ. ಅಂಚೆಯ ಡಬ್ಬಿಗೆ ನಾನೇ ಹೋಗಿ ಹಾಕಿ ಬಂದೆ. ಎರಡು ದಿನಕ್ಕೆ ಅದು ಉಳಿದ ಅರ್ಜಿಗಳ ಜೊತೆ ನಮ್ಮ ಮನೆಗೇ ಬಂತು.

ಇವರು ಅದನ್ನು ಒಡೆದದ್ದು ಮುಂದಿನ ರವಿವಾರ ಬೆಳಿಗ್ಗೆ. ಒಮ್ಮೆ ಓದಿದರು. ಹಿಂಬದಿಯನ್ನು ತಿರುಗಿಸಿ ನೋಡಿದರು, ಮತ್ತೆ ಓದಿದರು. ಆಮೇಲೆ ಒಳಗೆ ಬಂದು ಹಿಟ್ಟಿನ ಡಬ್ಬಿಯನ್ನು ಬೆರಳಿನಿಂದ ತುಸು ದೂಡಿದರು. ಅದು ಅಲಗಾಡಿತು.

“ಸೋಮವಾರದಿಂದ ಅಲಗಾಡಲಿಕ್ಕೆ ಹತ್ತೇದ,” ಎಂದರು. “ಅವತ್ತ ತಿಳೀತು ನನಗ.”

ನಾನು ತಲೆ ಎತ್ತಲಿಲ್ಲ. ಹೋದ ವರ್ಷ ಓದಿರಲಿಲ್ಲ, ಸುಳ್ಳು ಹೇಳಿದೆ ಎಂದೆ.

“ಗೊತ್ತಿತ್ತು. ಭಕ್ಕರಿ ಸುದ್ದಿ ಬೇಕಂತನ ಬರದಿದ್ದೆ. ನೀ ಓದಿದ್ರ ಜಗಳಾ ತಗೀದ ಬಿಡ್ತಿದ್ದಿಲ್ಲ. ಒಂದು ವರ್ಷ ಆತು, ದಿನಾ ಊಟಕ್ಕ ಕೂತಾಗ ಇವತ್ತರೆ ಜಗಳಾ ಬರ್ತದೋ ಏನೋ ಅಂತ ದಾರಿ ಕಾಯ್ತಿದ್ದೆ.”

ಆಗ ನಾನು ಜಗಳ ತೆಗೆದೆ. ಜೋಳದಿಂದ ಶುರು ಮಾಡಿ, ಒಗೆಯದ ಧೋತರಕ್ಕೆ ಬಂದು, ಕೊಡೆ ಮುಗಿಲಲ್ಲಿ ಬಿಟ್ಟು ಬಂದದ್ದರ ತನಕ ಒಂದನ್ನೂ ಬಿಡದೆ ಕೇಳಿದೆ. ಇವರು ಗೋಡೆಗೆ ಒರಗಿ, ಕೈ ಕಟ್ಟಿ ಕೂತು, ಒಂದೊಂದು ಮಾತಿಗೂ ಹೌದು, ಹೌದು ಎನ್ನುತ್ತ ಕೇಳಿಸಿಕೊಂಡರು. ಮುಗಿದ ಮೇಲೆ ದುರ್ಬೀನನ್ನು ತಂದು ನನ್ನ ಮಣೆಯ ಪಕ್ಕದಲ್ಲಿ ಇಟ್ಟರು.

ಇವರು ಹೋಗಿ ಈಗ ಬಹಳ ವರ್ಷಗಳಾದವು. ದುರ್ಬೀನು ಎಲ್ಲೋ ಕಳೆಯಿತು. ಹಿಟ್ಟಿನ ಡಬ್ಬಿ ಅದೇ ಇದೆ, ಅಲಗಾಡುತ್ತದೆ. ಅದರ ಅಡಿಗೆ ಏನಾದರೂ ಒತ್ತು ಕೊಡಲೇ ಎಂದು ಸೊಸೆ ಕೇಳುತ್ತಿರುತ್ತಾಳೆ. ಬೇಡ ಎನ್ನುತ್ತೇನೆ. ಹಿಟ್ಟು ತೆಗೆಯುವಾಗ ಒಂದು ಕೈಯಿಂದ ಹಿಡಿದುಕೊಳ್ಳುತ್ತೇನೆ.